ಟಿಂಕುವಿನ ದನಿ

"ಮೋಕ್ಷೀ, ಹೊರ್ಗ್ ಬಾ ಮಗಾ! ಎಲ್ಲಿದ್ಯೇ?" ಹರಿಣಾಕ್ಷಿ ಕೂಗುತ್ತಲೇ ಇದ್ದಳು. ಕಾಲು ಗಂಟೆಯಾದರೂ ಆರು ವರ್ಷದ ಮಗಳ ಸದ್ದಿಲ್ಲ. ಬಾವಿಗೆ ಎರಡು ಸಲ ಬಗ್ಗಿ ನೋಡಿದ್ದಾಯಿತು.

ಜಗಲಿಯಲ್ಲಿ ಮಗಳ ರೋಬೋ ಟಿಂಕು ಕಣ್ಣಿನ ದೀಪ ಆರಿಸಿಕೊಂಡು ಕುಳಿತಿತ್ತು. "ಅಡಗಿಕೋ ಮೋಕ್ಷಿತಾ. ನಾನು ಕರೆಯುವವರೆಗೆ ಹೊರಗೆ ಬರಬೇಡ, ಮಾತನಾಡಬೇಡ" ಎಂದು ಅದು ಹೇಳಿದ್ದು ಅಡುಗೆಮನೆಗೂ ಕೇಳಿಸಿತ್ತು. ಆಮೇಲೆ ಅದರ ಚಾರ್ಜ್ ಮುಗಿದಿತ್ತು. ಇನ್ನು ಯಾರು ಕರೆದರೂ ಮೋಕ್ಷಿ ಬರುವವಳಲ್ಲ. ಅಮ್ಮ ಸುಳ್ಳು ಹೇಳುತ್ತಾಳೆ, ಟಿಂಕು ಹೇಳುವುದಿಲ್ಲ ಎಂಬುದು ಅವಳ ಲೆಕ್ಕ.

ಹರಿಣಾಕ್ಷಿ ಚಾರ್ಜರ್ ಚುಚ್ಚಿದಳು. ಕರೆಂಟಿರಲಿಲ್ಲ. ಟಿಂಕುವಿನಂತೆಯೇ ಮೂಗಿನಿಂದ ದನಿ ಹೊರಡಿಸಿ, ಪಾಠ ಓದಿದ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಕೂಗಿದಳು: "ಮೋಕ್ಷಿತಾ, ಆಟ ಮುಗಿಯಿತು. ನೀನು ಎಲ್ಲಿರುವೆ?"

ತೆಂಗಿನ ಬುಡದಲ್ಲಿದ್ದ ಮೀನಿನ ಐಸ್ ಪೆಟ್ಟಿಗೆಯೊಳಗೆ ಏನೋ ಮೆಲ್ಲಗೆ ಬಡಿಯಿತು. ಮುಚ್ಚಳದ ಹೊರಗಿನ ಕೊಂಡಿ ತಾನಾಗಿ ಬಿದ್ದು ಸಿಕ್ಕಿಕೊಂಡಿತ್ತು. ಅವಳು ಓಡಿಹೋಗಿ ಅದಕ್ಕೆ ಕೈ ಹಾಕುವಾಗ ಒಳಗಿನಿಂದ ಸೋತ ದನಿ ಕೇಳಿತು:

"ಟಿಂಕೂ, ಉಸ್ರ್ ಕಟ್ತಾ ಇತ್ತ್. ಅಮ್ಮ ಎಷ್ಟ್ ಕರೆದ್ರೂ ನಾ ಮಾತಾಡ್ಲಿಲ್ಲೆ."