ಬಿಳಿ ನಾಲಿಗೆ

"ನಾಲಿಗೆ ಚಾಚ್ರಲೇ!"

ಒಂದನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತು ನಾಲಿಗೆ ಚಾಚಿದವು. ಹೆಡ್‌ಮಾಸ್ಟರ್ ತಿಪ್ಪೇರುದ್ರಪ್ಪ ಮೂಗಿಗೆ ಕರವಸ್ತ್ರ ಹಿಡಿದು ಒಂದೊಂದೇ ಬಾಯಿಯನ್ನು ಬಗ್ಗಿ ನೋಡುತ್ತ ಬಂದರು. ಎಂಜಲೆಂದರೆ ಅವರಿಗೆ ಮೈಯೆಲ್ಲ ಮುಳ್ಳು. ಮಕ್ಕಳ ಸ್ಲೇಟು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯುವ ಮನುಷ್ಯ.

ಕುರಿಹಟ್ಟಿಯ ಉಚ್ಚಂಗಿಯ ಮುಂದೆ ಅವರು ನಿಂತರು. ಹುಡುಗಿಯ ನಾಲಿಗೆ ಬೆಳ್ಳಗಿತ್ತು.

"ಥೂ! ಸಿಕ್ಕಿಬಿದ್ಲು ನೋಡ್ರಿ ಬಳಪ ತಿನ್ನೋ ಕಳ್ಳಿ!"

ಬೆತ್ತ ಬೀಸಿಯೇ ಬಿಟ್ಟರು. ಆರು ವರ್ಷದ ಮಗು ಕೈ ಉಜ್ಜಿಕೊಂಡಿತೇ ಹೊರತು ಅಳಲಿಲ್ಲ. ಕಣ್ಣು ಮಾತ್ರ ಟೀಚರ್ ಶಾಂತಕ್ಕನ ಕಡೆಗಿತ್ತು.

ತಾಳ್ಯದ ಆಚೆಗಿನ ಆ ಹಳ್ಳಿ ಶಾಲೆಯಲ್ಲಿ ಬಳಪ ಕರಗುತ್ತಿದ್ದದ್ದು ನಿಜ. ಶಾಲೆಯ ಬಾಗಿಲಿಗೆ ಚಿಲಕ ನೆಟ್ಟಗಿರಲಿಲ್ಲ. ಹಾಗಾಗಿ ಹೆಡ್‌ಮಾಸ್ಟರು ಬಳಪದ ಡಬ್ಬಿಯನ್ನು ಬೆಳಿಗ್ಗೆ ತಂದು ಸಂಜೆ ಮನೆಗೆ ಒಯ್ಯುತ್ತಿದ್ದರು. ಆದರೂ ಡಬ್ಬಿ ದಿನದಿನಕ್ಕೆ ಹಗುರಾಗುತ್ತಿತ್ತು.

ಇದರಿಂದ ಕೈ ಕಟ್ಟಿಹೋದದ್ದು ಒಂದನೇ ಕ್ಲಾಸಿಗೆ ಕಲಿಸುವ ಶಾಂತಕ್ಕನಿಗೆ. ಆಕೆ ಬರುವ ಮುಂಚೆ ಇಲ್ಲಿ ಓದು ಎಂದರೆ ಬಾಯಿಪಾಠ. ಪುಸ್ತಕ ತಲೆಕೆಳಗೆ ಹಿಡಿದರೂ ಮಕ್ಕಳು ಪಾಠವನ್ನು ಕೊನೆಯವರೆಗೆ ಒದರುತ್ತಿದ್ದವು, ಅದನ್ನೇ ಹೆಡ್‌ಮಾಸ್ಟರು ಪ್ರಗತಿ ಎಂದು ಮೇಲಕ್ಕೆ ಬರೆದು ಕಳಿಸುತ್ತಿದ್ದರು. ಹೇಸಿಗೆ! ಶಾಂತಕ್ಕ ಪುಸ್ತಕ ಮುಚ್ಚಿಸಿದಳು. ಮನೆಯಲ್ಲಿ ದಿನಾ ನೋಡುವ ವಸ್ತುವಿನ ಹೆಸರು ಹೇಳಿಸಿ, ಅದರ ಸದ್ದು ಬಿಡಿಸಿ, ಸ್ಲೇಟಿನ ಮೇಲೆ ಬರೆಸಿ, ಬರೆದದ್ದನ್ನೇ ಓದಿಸುತ್ತಿದ್ದಳು. ಹೋದ ವಾರ ಉಚ್ಚಂಗಿ ತಾನೇ 'ಕುರಿ' ಎಂದು ಬರೆದು, ಕೂಡಿಸಿ ಓದಿ, ಕಿಟಕಿಗೆ ಓಡಿ ದಾರಿಯಲ್ಲಿ ಹೋಗುತ್ತಿದ್ದ ಮಂದೆಗೆ ಸ್ಲೇಟು ಎತ್ತಿ ತೋರಿಸಿದ್ದಳು.

"ಸಾರ್, ಅವಳು ತಿಂದಿಲ್ಲ," ಎಂದಳು ಶಾಂತಕ್ಕ. "ಎಲ್ಲ ಮಕ್ಕಳೂ ಸ್ಲೇಟಿಗೆ ಉಗುಳು ಹಚ್ಚಿ ಒರೆಸ್ತಾವೆ. ಇವಳು ನೆಕ್ಕೇ ಒರೆಸ್ತಾಳೆ. ಎಲ್ಲರಿಗಿಂತ ಜಾಸ್ತಿ ಬರೀತಾಳೆ, ಜಾಸ್ತಿ ನೆಕ್ತಾಳೆ. ನಾಲಿಗೆ ಬೆಳ್ಳಗಾಗದೆ ಇನ್ನೇನಾಗುತ್ತೆ?"

"ಥೂ ಥೂ! ನನ್ನ ಮುಂದೆ ಅಂಥ ಗಲೀಜು ಮಾತು ಆಡಬೇಡ್ರಿ!"

ಸುದ್ದಿ ಕುರಿಹಟ್ಟಿಗೆ ಮುಟ್ಟಿತು. ಅಪ್ಪ ಬೀರಪ್ಪ ಮಧ್ಯಾಹ್ನವೇ ಬಂದು ಮಗಳ ಕೈ ಹಿಡಿದುಕೊಂಡ.

"ನಾಳೆ ಮಂದೆ ಹೊಡ್ಕಂಡು ಭದ್ರಾ ಕಡೆ ಹೊಂಡ್ತೀವಕ್ಕೋರೆ. ಇವಳ್ನ ಅಜ್ಜಿ ತಾವ ಬಿಟ್ಟು ಹೋಗಾಣ, ಓದಲಿ ಅಂತಿದ್ದೆ. ಕಳ್ಳಿ ಅನ್ನಿಸ್ಕಂಡು ಓದೋದು ಬ್ಯಾಡ. ಮರಿ ಕಾಯಲಿ ಬಿಡ್ರಿ."

ಶಾಂತಕ್ಕ ಮಗುವಿನ ಇನ್ನೊಂದು ಕೈ ಹಿಡಿದಳು. ಈಗ ಮಂದೆಯ ಹಿಂದೆ ಹೋದ ಮಗು ಮತ್ತೆ ಸ್ಲೇಟು ಹಿಡಿಯುವುದಿಲ್ಲ.

"ಒಂದು ಸಂಜೆ ತಡಿಯಪ್ಪ. ಇವಳು ಕಳ್ಳಿ ಅಲ್ಲ ಅಂತ ಮೇಷ್ಟ್ರ ಬಾಯಲ್ಲೇ ಹೇಳಿಸ್ತೀನಿ. ಆಮೇಲೆ ಬಿಟ್ಟು ಹೋಗ್ತೀಯೋ?"

"ಅವರು ಹೇಳಿದ್ರೆ ಬಿಟ್ಟೋಗ್ತೀನಿ. ದೊಡ್ಡ ಮನುಷ್ಯರು."

ಮೇಷ್ಟ್ರು ದೊಡ್ಡ ಮನುಷ್ಯರೇ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದೊಬ್ಬ ಮಗ ಎರಡು ವರ್ಷದ ಕೆಳಗೆ ಲಾರಿಗೆ ಸಿಕ್ಕಿ ಸತ್ತ. ಸೊಸೆ ಹಾಲಮ್ಮನನ್ನು ತವರಿಗೆ ಅಟ್ಟದೆ, ಮನೆಯಲ್ಲೇ ಇಟ್ಟುಕೊಂಡು ಕಾಪಾಡುತ್ತಿದ್ದರು. ಹಾಲು ಹಾಕುವ ಸಣ್ಣಪ್ಪನೂ ಅಂಗಳದಲ್ಲೇ ಚೊಂಬು ಇಟ್ಟು ಹೋಗಬೇಕು. ಈಚೆಗಂತೂ ಹಾಲಮ್ಮ ಬಾವಿಯ ಕಡೆಗೂ ಬರುತ್ತಿರಲಿಲ್ಲ. ಮೇಷ್ಟ್ರೇ ನೀರು ಹೊತ್ತು ತರುತ್ತಿದ್ದರು. ಮಾವ ಅಂದರೆ ಹೀಗಿರಬೇಕು ಎಂದು ಊರ ಹೆಂಗಸರು ಬಾಯ್ತುಂಬ ಹೊಗಳುತ್ತಿದ್ದರು. ಶಾಂತಕ್ಕನೂ ಹೊಗಳಿದ್ದಳು.

ಸಂಜೆ ಮೂವರೂ ಅವರ ಮನೆಗೆ ಹೋದರು. ತಿಪ್ಪೇರುದ್ರಪ್ಪ ಅರ್ಧ ಬಾಗಿಲು ತೆರೆದು ಅಡ್ಡ ನಿಂತರು. ತೊಳೆದ ಕೈ ಇನ್ನೂ ಒದ್ದೆಯಾಗಿತ್ತು.

"ಏನ್ರಿ ಇದು, ಕುರಿಯವರನ್ನೆಲ್ಲ ಬಾಗಿಲಿಗೆ ಕರ್ಕೊಂಡು?"

"ಸಾರ್, ಇವತ್ತು ಡಬ್ಬಿ ನಿಮ್ಮ ಕೈಗೆ ಕೊಡುವಾಗ ನಾನೇ ಅಂಗಡಿಯಿಂದ ಬಳಪ ತಂದು ಅಂಚಿನವರೆಗೆ ತುಂಬಿ ಕೊಟ್ಟಿದ್ದೆ. ತಂದು ತೋರಿಸ್ರಿ. ಈಗಲೇ ಕಮ್ಮಿ ಆಗಿದ್ರೆ ಕಳ್ಳರು ಶಾಲೇಲಿ ಇಲ್ಲ."

"ಅಂದ್ರೆ ನನ್ನ ಮನೇಲಿ ಇದಾರೆ ಅಂತೀರಾ?" ಮೇಷ್ಟ್ರ ಮುಖ ಕೆಂಪೇರಿತು. "ಮಗ ಸತ್ತ ಮೇಲೆ ನಾನಲ್ಲದೆ ಇನ್ನೊಬ್ಬ ಗಂಡಸು ಈ ಹೊಸಿಲು ದಾಟಿಲ್ಲ. ಇಡೀ ಊರಿಗೇ ಗೊತ್ತು! ಕಳ್ಳ ಎಲ್ಲಿಂದ ಬರ್ತಾನ್ರಿ?"

ಅವರು ಇನ್ನೂ ಗುಡುಗುತ್ತಿರುವಾಗಲೇ ಉಚ್ಚಂಗಿ ಅವರ ಕೈಯ ಕೆಳಗೆ ನುಸುಳಿ ಒಳಗೆ ಓಡಿದಳು. "ಏಯ್! ಏಯ್!" ಎಂದು ಅವರು ತಿರುಗಿದರು. ಆ ಸಂದಿಯಲ್ಲಿ ಶಾಂತಕ್ಕನೂ ಒಳಗೆ ನುಗ್ಗಿದಳು.

ಅಡುಗೆಮನೆಯ ಮೂಲೆಯಲ್ಲಿ ಹಾಲಮ್ಮ ಕುಕ್ಕರಗಾಲಲ್ಲಿ ಕೂತಿದ್ದಳು. ಮಡಿಲಲ್ಲಿ ಡಬ್ಬಿ. ತುಟಿಯೆಲ್ಲ ಬಿಳಿ ಹಿಟ್ಟು.

"ಅಪ್ಪಾ! ಈ ಅಕ್ಕನ ನಾಲಿಗೇನೂ ಬೆಳ್ಳಗೈತೆ!"

ಅಂಗಳದಲ್ಲಿ ಬೀರಪ್ಪ ಜೋರಾಗಿ ನಕ್ಕ. "ಹಂಗಾದ್ರೆ ನನ್ನ ಮಗಳು ಕಳ್ಳಿ ಅಲ್ಲ! ನಾಳೆ ಇಸ್ಕೂಲಿಗೆ ಬರ್ತಾಳಕ್ಕೋರೆ!"

ಶಾಂತಕ್ಕನಿಗೂ ನಗು ಬಂತು. "ಅಯ್ಯೋ ಹುಚ್ಚಿ, ದೊಡ್ಡೋಳಾಗಿ ನೀನ್ಯಾಕೆ ಬಳಪ ತಿಂತೀಯೆ?"

"ಮಣ್ಣಾದ್ರೂ ತಿನ್ನಾಣ ಅಂದ್ರೆ ಮಾವ ಹೊರಗೇ ಬಿಡಲ್ಲಕ್ಕ," ಎಂದು ಹಾಲಮ್ಮ ಗೋಡೆ ಹಿಡಿದು ನಿಧಾನಕ್ಕೆ ಎದ್ದಳು.

ಸೆರಗಿನಡಿ ಅವಳ ಬಸುರು ತುಂಬಿ ನಿಂತಿತ್ತು.