ಖಂಡೇ ಪೂಜೆಯ ಕುಂಕುಮ

ಐದನೇ ಸಲವೂ ಟಿ.ವಿ. ಪರದೆಯ ಮೇಲೆ ‘ನೆಟ್‌ವರ್ಕ್ ಸಿಗಲಿಲ್ಲ’ ಎಂದು ಬಂದಾಗ ಶಶಿಕಾಂತ ಅಡುಗೆಮನೆಯತ್ತ ದುರುಗುಟ್ಟಿ ನೋಡಿದ. ದಸರೆಯ ತನಕ ಸುಸೂತ್ರವಾಗಿ ನಡೆಯುತ್ತಿದ್ದ ವಿಡಿಯೋ ಗೇಮ್ ಅದು. ಹೆಂಡತಿ ಶೈಲಶ್ರೀಗೆ ಅದನ್ನು ಕಂಡರೆ ಆಗದು. ಇದು ಅವಳದೇ ಕೈವಾಡ. ಬ್ರಾಡ್‌ಬ್ಯಾಂಡ್ ವೈರನ್ನು ಗೇಮಿನ ಪೆಟ್ಟಿಗೆಯಿಂದ ಕಿತ್ತ. ತುದಿಯ ತುಂಬ ಕುಂಕುಮ ಮೆತ್ತಿಕೊಂಡಿತ್ತು, ಜೊತೆಗೊಂದು ಅಕ್ಕಿಕಾಳು.

“ಖರೇ ಹೇಳು, ಇದಕ್ಕ ಏನ್ ಮಾಡೀದಿ?”

“ಖಂಡೇ ಪೂಜಿ ಮಾಡೇನ್ರಿ.”

“ದುಡಿಯೂ ಸಾಮಾನಿಗೆ ಮಾಡೂ ಪೂಜಿ ಅದು! ಆಟದ ಸಾಮಾನಿಗ್ಯಾಕ?”

ಶೈಲಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಬ್ಯಾಡಗ್ಯಾಗಿನ ನಿಮ್ಮ ಅಂಗಡಿ ತಕ್ಕಡಿಗೆ ನಿಮ್ಮ ತಮ್ಮ ಪೂಜಿ ಮಾಡ್ಯಾನ. ನೀವು ದಿನಾ ಕೈಯಾಗ ಹಿಡಿಯೂದು ಇದೊಂದ ಅಲ್ಲೇನ್ರಿ?”