ಸೋದರತ್ತೆಯ ಮಂಡಿ

"ಅಕ್ಕಾ, ಬೇಡ ಅಂದ್ರೆ ಕೇಳು! ಕಬ್ಬಿಣದ ಮಂಡಿ, ತುಕ್ಕು ಹಿಡಿದ ಬಾಗಿಲ ಥರ ಸಿಕ್ಕಿಕೊಂಡ್ರೆ?" ಎನ್ನುತ್ತ ತಂಗಿ ನಮುಬಿರು ಗಂಡಿನ ಕಡೆಯವರ ಎದುರಲ್ಲೇ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. "ನೀನು ಕೂತ್ಕೋ. ಮಂಡಿ ಊರೋಕೆ ನಾನಿದ್ದೀನಿ."

ನಬ್ಬೋಸಾ ಕುರ್ಚಿಯನ್ನು ದುರುಗುಟ್ಟಿ ನೋಡಿದಳು. ಮದುಮಗಳ ಹಿರಿಯ ಸೋದರತ್ತೆ ಅವಳು. ಅವರ ಪದ್ಧತಿಯಂತೆ, ಹೆಣ್ಣು ಕೇಳಲು ಬಂದವರ ಮುಂದೆ ಮಂಡಿಯೂರಿ ಕ್ಷೇಮ ಕೇಳಿ, ಗೆಳೆಯರ ನಡುವೆ ಕೂತ ಗಂಡನ್ನು ಗುರುತಿಸಿ ಕರೆತರುವ ಹಕ್ಕು ಅವಳದು. ಸವೆದ ಮಂಡಿಯ ಕೀಲನ್ನು ಕಂಪಾಲಾದ ಆಸ್ಪತ್ರೆಯಲ್ಲಿ ಲೋಹದ್ದಕ್ಕೆ ಬದಲಾಯಿಸಿಕೊಂಡ ಮೇಲೆ, ಡಾಕ್ಟರು ಹೂಂ ಅನ್ನುವವರೆಗೆ ಕಾದು, ಮೊದಲು ಹಾಸಿಗೆಯ ಮೇಲೆ, ಆಮೇಲೆ ಮಡಿಸಿದ ಕಂಬಳಿಯ ಮೇಲೆ, ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿ ಅವಳು ಮಂಡಿಯೂರಲು ಕಲಿತದ್ದು ಇವಳಿಗೇನು ಗೊತ್ತು?

ಗೋಮೆಸಿ ಉಡುಪಿನ ನೆರಿಗೆ ಹಿಡಿದು ಅವಳು ಚಾಪೆಯ ಮೇಲೆ ಎರಡೂ ಮಂಡಿ ಊರಿದಳು. ಚಪ್ಪರದಲ್ಲಿ ಕೂತವರೆಲ್ಲ ಕತ್ತು ಚಾಚಿ ನೋಡಿದರು.

"ಚೆನ್ನಾಗಿದ್ದೀರಾ, ದೊಡ್ಡವರೇ? ಮನೇಲಿ ಎಲ್ಲ ಕ್ಷೇಮವಾ? ಮಕ್ಕಳು? ಬಾಳೆತೋಟ? ದನಕರು?"

ಗಂಡಿನ ದೊಡ್ಡಪ್ಪ ಪ್ರತಿಯೊಂದಕ್ಕೂ ಹೂಂಗುಟ್ಟಿದ. ಮಂಡಿ ನೋಯುತ್ತಿತ್ತು. ಆದರೂ ಬೇಕೆಂದೇ ಅವಳು ಪಕ್ಕದ ಮನೆಯವರ ಆಡುಗಳ ಕ್ಷೇಮವನ್ನೂ ವಿಚಾರಿಸಿದಳು. ಮುದುಕ ನಕ್ಕುಬಿಟ್ಟ.

ಎಬ್ಬಿಸಲು ನಮುಬಿರು ಕೈಚಾಚಿ ಓಡಿಬಂದಳು. ಅಷ್ಟರಲ್ಲಿ ನಬ್ಬೋಸಾ ಗಟ್ಟಿ ಕಾಲನ್ನು ಮುಂದಿಟ್ಟು, ಯಾರನ್ನೂ ಮುಟ್ಟದೆ ಎದ್ದು ನಿಂತಿದ್ದಳು. ಹೆಂಗಸರು ಸಂಭ್ರಮದಿಂದ ನಾಲಿಗೆ ಹೊರಳಿಸಿ ಹಾಕಿದ ಕೇಕೆಗೆ ಚಪ್ಪರವೇ ಹಾರಿಹೋಗುವಂತಾಯಿತು. ಅವಳು ಕುರ್ಚಿಯನ್ನು ತಂಗಿಯತ್ತ ತಳ್ಳಿದಳು.

"ಕೂತ್ಕೊಳ್ಳೇ, ನನ್ನ ನೋಡಿ ನಿನ್ನ ಕಾಲೇ ನಡುಗ್ತಿದೆ. ಅಳಿಯನ್ನ ನಾನು ಕರ್ಕೊಂಡು ಬರ್ತೀನಿ."